ಮಂಗಳಕ್ಕೂ ಮುಹೂರ್ತ, ಗ್ರಾಂಗೂ ಲೆಕ್ಕ: ಓದುಗರ ಪ್ರಶ್ನೆಗೆ ಉತ್ತರ

ಹೋದ ಸಂಚಿಕೆಯಲ್ಲಿ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದ ಬಗ್ಗೆ ಬರೆದಿದ್ದೆ. ಬಂದಿರೋ ಕಾಗದ, ವಾಟ್ಸಾಪ್ ಮೆಸೇಜು ನೋಡಿದ್ರೆ ಆ ಆಂಟೆನಾಗಳನ್ನ ಯಾರೂ ಕೇಳೇ ಇಲ್ಲ, ಎಲ್ರೂ ಚಂದ್ರಯಾನ ಮಂಗಳಯಾನದ ಹಿಂದೆ ಬಿದ್ದಿದ್ದೀರ. ಸರಿ ಬಿಡಿ, ಈ ಸಲ ಪೂರ್ತಿ ಅದೇ. ಮನುಷ್ಯರಿಲ್ಲದ ನೌಕೆಗಳನ್ನ ಹೇಗೆ ಪ್ಲಾನ್ ಮಾಡ್ತಾರೆ ಅನ್ನೋದು ಮಾತ್ರ. ಏಲಿಯನ್ ಬಗ್ಗೆ ಕೇಳಿರೋ ಬಂಗಾರಪೇಟೆಯವರು ಬೇಜಾರು ಮಾಡ್ಕೋಬೇಡಿ.

ಪ್ರ: ಸಾರ್, ಮಂಗಳಯಾನ ಅನೌನ್ಸ್ ಆಗಿದ್ದು 2012ರ ಆಗಸ್ಟ್‌ನಲ್ಲಿ, ಹಾರಿದ್ದು 2013ರ ನವೆಂಬರ್‌ನಲ್ಲಿ. ಅಷ್ಟೊಂದು ಅರ್ಜೆಂಟ್ ಯಾಕೆ? ಇನ್ನೊಂದು ವರ್ಷ ತಗೊಂಡು ನಿಧಾನಕ್ಕೆ ಮಾಡಬಹುದಿತ್ತಲ್ವಾ?
(ಡಿಗ್ರಿ ವಿದ್ಯಾರ್ಥಿ, ಚಿಂತಾಮಣಿ)

ಉ: ಒಂದು ವರ್ಷ ತಡ ಮಾಡಿದ್ರೆ ಒಂದೇ ವರ್ಷ ಹೋಗಲ್ಲಪ್ಪ, 26 ತಿಂಗಳು ಹೋಗತ್ತೆ. ಭೂಮಿ ಸೂರ್ಯನ್ನ ಸುತ್ತೋಕೆ 365 ದಿನ, ಮಂಗಳಕ್ಕೆ 687 ದಿನ, ಇಬ್ಬರ ಸ್ಪೀಡೂ ಬೇರೆ ಬೇರೆ ಆಗಿರೋದ್ರಿಂದ ಕಮ್ಮಿ ಇಂಧನದಲ್ಲಿ ಹೋಗಬೇಕು ಅಂದ್ರೆ ನಾವು ಹೊರಡೋ ದಿನ ಮಂಗಳ ನಮಗಿಂತ ಸುಮಾರು 44 ಡಿಗ್ರಿ ಮುಂದೆ ಇರಬೇಕು, ನೌಕೆ ಸೂರ್ಯನ ಸುತ್ತ ಹೆಚ್ಚುಕಮ್ಮಿ ಅರ್ಧ ಸುತ್ತು ಹಾಕಿ ತಲುಪೋ ಹೊತ್ತಿಗೆ ಅವನೂ ಸರಿಯಾಗಿ ಅಲ್ಲಿಗೆ ಬಂದಿರ್ತಾನೆ. ಈ ಯೋಗ ಕೂಡಿಬರೋದು 26 ತಿಂಗಳಿಗೊಮ್ಮೆ, ಅದೂ ಕೆಲವೇ ವಾರ. ನಮ್ಮ ನೌಕೆ ಹೋಗಿದ್ದು 2013ರ ನವೆಂಬರ್ 5, ನಾಸಾದ ಮೇವನ್ ಹೋಗಿದ್ದು ಅದೇ ತಿಂಗಳು 18ಕ್ಕೆ. 2020ರ ಜುಲೈನಲ್ಲೂ ಹಂಗೇ ಯುಎಇ, ಚೀನಾ, ಅಮೆರಿಕ ಮೂರೂ ದೇಶದವರು ಒಂದೇ ತಿಂಗಳಲ್ಲಿ ಮಂಗಳಕ್ಕೆ ನೌಕೆ ಕಳಿಸಿದ್ರು, ಮಾತಾಡ್ಕೊಂಡು ಕಳಿಸಿದ್ದಲ್ಲ, ಕ್ಯಾಲೆಂಡರ್ ಎಲ್ಲರಿಗೂ ಒಂದೇ.

ಡೇಟ್ ತಪ್ಪಿದ್ರೆ ಏನಾಗತ್ತೆ ಅಂತ ನಾಸಾದ ಮಂಗಳ ನೌಕೆ ಇನ್‌ಸೈಟ್ ಟೀಮಿನವರನ್ನ ಕೇಳಬೇಕು. ಮಂಗಳದಲ್ಲಿ ಭೂಕಂಪ ಅಳೆಯೋ ಉಪಕರಣದ ನಿರ್ವಾತದ ಡಬ್ಬಿಯಲ್ಲಿ ಸಣ್ಣ ಲೀಕ್, 2016ರ ಮಾರ್ಚ್‌ಗೆ ಹೊರಡಬೇಕಿದ್ದದ್ದು 2018ರ ಮೇವರೆಗೂ ಕೂತುಬಿಡ್ತು. ಅಷ್ಟು ದಿನ ಟೀಮಿಗೆ ಸಂಬಳ ಕೊಡಬೇಕು, ನೌಕೇನ ಜೋಪಾನ ಮಾಡಬೇಕು, ಎಲ್ಲಾ ಖರ್ಚೇ. ಅದಕ್ಕೇ ಇಲ್ಲಿ ಪ್ಲಾನಿಂಗ್ ಶುರುವಾಗೋದು ಹಿಂದಿನಿಂದ. ಮಂಗಳ ತಲುಪೋ ದಿನ ಫಿಕ್ಸು, ಅದಕ್ಕೆ ಹೊರಡೋ ದಿನ ಫಿಕ್ಸು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಟೆಸ್ಟಿಂಗ್ ಯಾವಾಗ ಮುಗೀಬೇಕು, ಕ್ಯಾಮೆರಾ ಯಾವಾಗ ಕೈಗೆ ಸಿಗಬೇಕು ಅಂತ. ಕ್ಯಾಮೆರಾ ರೆಡಿ ಇಲ್ಲ ಅಂದ್ರೆ ಕ್ಯಾಮೆರಾ ಬಿಟ್ಟು ಹೋಗ್ತಾರೇ ಹೊರತು ಮಂಗಳ ಕಾಯಲ್ಲ.

ಪ್ರ: ನೌಕೆಯಲ್ಲಿ ಏನೇನು ಉಪಕರಣ ಇಡಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ? ಅಷ್ಟು ದೂರ ಹೋಗೋದಾದ್ರೆ ಇನ್ನೂ ನಾಲ್ಕು ಹೆಚ್ಚಿಗೆ ತುಂಬಿ ಕಳಿಸಬಾರದಾ?
(ಹೈಸ್ಕೂಲ್ ಮೇಷ್ಟ್ರು, ಶ್ರೀನಿವಾಸಪುರ)

ಉ: ಮೇಷ್ಟ್ರೇ, ಮಂಗಳಯಾನದ ತೂಕದ ಲೆಕ್ಕ ಹೇಳ್ತೀನಿ ನೋಡಿ. ಒಟ್ಟು 1337 ಕೆ.ಜಿ., ಅದರಲ್ಲಿ 852 ಕೆ.ಜಿ. ಬರೀ ಇಂಧನ, ಇನ್ನುಳಿದಿದ್ದರಲ್ಲಿ ಬಾಡಿ, ಇಂಜಿನ್, ಟ್ಯಾಂಕು, ಸೋಲಾರ್ ಪ್ಯಾನಲ್, ಬ್ಯಾಟರಿ, ಆಂಟೆನಾ, ಕಂಪ್ಯೂಟರ್ ಎಲ್ಲಾ ಕಳೆದ್ರೆ ವಿಜ್ಞಾನದ ಉಪಕರಣಗಳಿಗೆ ಸಿಕ್ಕಿದ್ದು 15 ಕೆ.ಜಿ. ಅಷ್ಟೇ. ಐದು ಉಪಕರಣ, ಹದಿನೈದು ಕೆ.ಜಿ.! 25 ಕೆ.ಜಿ. ಅಕ್ಕಿ ಮೂಟೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕದ ಸಾಮಾನಿಗೋಸ್ಕರ ಅಷ್ಟು ದೊಡ್ಡ ರಾಕೆಟ್ ಹಾರಿಸಿದ್ದು. ದೊಡ್ಡ ರಾಕೆಟ್ ಜಿಎಸ್‌ಎಲ್‌ವಿ 2010ರಲ್ಲಿ ಎರಡು ಸಲ ಫೇಲ್ ಆಗಿತ್ತು, ಡೇಟ್ ಕಾಯಲ್ಲ, ನಂಬಿಕಸ್ಥ ಪಿಎಸ್‌ಎಲ್‌ವಿಯಲ್ಲೇ ಹೋಗಬೇಕು ಅಂತಾದಾಗ ಅದು ಎತ್ತೋವಷ್ಟು ತೂಕಕ್ಕೆ ಎಲ್ಲಾ ಕತ್ತರಿಸಿಕೊಂಡ್ರು.

ಸರಿಯಾದ ಕ್ರಮ ಏನಂದ್ರೆ ಮೊದಲು ವಿಜ್ಞಾನಿಗಳು ಪ್ರಶ್ನೆ ಇಡಬೇಕು, ಮಂಗಳದ ಗಾಳಿಯಲ್ಲಿ ಮೀಥೇನ್ ಇದೆಯಾ, ಚಂದ್ರನ ಮೇಲೆ ನೀರಿದೆಯಾ, ಹಿಂಗೆ. ಆ ಪ್ರಶ್ನೆಗೆ ಯಾವ ಅಳತೆ ಬೇಕು, ಆ ಅಳತೆಗೆ ಯಾವ ಉಪಕರಣ, ಅದಕ್ಕೆ ಎಷ್ಟು ಕರೆಂಟು, ಎಷ್ಟು ಡೇಟಾ, ಯಾವ ಕಕ್ಷೆ ಅಂತ ಒಂದೊಂದಾಗಿ ಇಳಿದು ಬರಬೇಕು. ಆಮೇಲೆ ಶುರುವಾಗತ್ತೆ ನೋಡಿ ಜಗಳ, ಇಂಜಿನಿಯರ್‌ಗಳು ಅದನ್ನ ಮಾಸ್ ಬಜೆಟ್, ಪವರ್ ಬಜೆಟ್, ಲಿಂಕ್ ಬಜೆಟ್ ಅಂತಾರೆ, ಅಂದ್ರೆ ತೂಕದ, ಕರೆಂಟಿನ, ರೇಡಿಯೋ ಸಂಪರ್ಕದ ಲೆಕ್ಕ. ಕ್ಯಾಮೆರಾದವರು ಇನ್ನೂರು ಗ್ರಾಂ ಜಾಸ್ತಿ ಕೇಳಿದ್ರೆ ಆ ಇನ್ನೂರು ಗ್ರಾಂ ಬೇರೆ ಯಾರದ್ದಾದ್ರೂ ಹೊಟ್ಟೆ ಹೊಡೆದೇ ಬರಬೇಕು. ಹೊತ್ತುಕೊಂಡು ಹೋದ ಮೇಲೆ ಅದನ್ನ ಬ್ರೇಕ್ ಹಾಕಿ ನಿಲ್ಲಿಸೋಕೂ ಇಂಧನ ಬೇಕು, ಆ ಇಂಧನವನ್ನ ಹೊರೋಕೆ ಇನ್ನಷ್ಟು ಇಂಧನ.

ಚಂದ್ರಯಾನ-1ರಲ್ಲಿ 11 ಉಪಕರಣ ಇತ್ತು, ಅದರಲ್ಲಿ ಆರು ಹೊರದೇಶದವು. ತ್ರಿವರ್ಣ ಬಳಿದ ಒಂದು ಸಣ್ಣ ಪೆಟ್ಟಿಗೇನ ಚಂದ್ರನ ಮೇಲೆ ಬೀಳಿಸೋ ಐಡಿಯಾ ಕೊಟ್ಟಿದ್ದು ಕಲಾಂ ಸಾಹೇಬ್ರು, 2008ರ ನವೆಂಬರ್ 14ರಂದು ಅದು ಬಿತ್ತು. ಇನ್ನು ನೀರಿನ ಕುರುಹು ಹಿಡಿದದ್ದರಲ್ಲಿ ದೊಡ್ಡ ಹೆಸರು ಬಂದಿದ್ದು ನಾಸಾ ಕೊಟ್ಟಿದ್ದ ಉಪಕರಣಕ್ಕೆ. ಕೆಲವರಿಗೆ ಇದು ಹೊಟ್ಟೆ ಉರಿ, ನನಗೇನೋ ಹಂಚಿಕೊಂಡು ಹೋಗಿದ್ದೇ ಜಾಣತನ ಅನ್ಸತ್ತೆ.

ಪ್ರ: ಅಮೆರಿಕದವರು ಮೂರ್ನಾಲ್ಕು ದಿನಕ್ಕೆ ಚಂದ್ರನ್ನ ಮುಟ್ಟಿದ್ರು, ನಮ್ಮವರಿಗೆ 40 ದಿನ ಯಾಕೆ?
(ಟೊಮ್ಯಾಟೊ ಮಂಡಿ, ಕೋಲಾರ)

ಉ: ಅವರ ರಾಕೆಟ್ಟು ನಮ್ಮದಕ್ಕಿಂತ ಎಷ್ಟೋ ದೊಡ್ಡದು, ಒಂದೇ ಏಟಿಗೆ ತಳ್ಳಿಬಿಟ್ರು. ನಾವು ಉಯ್ಯಾಲೆ ತಳ್ಳಿದ ಹಾಗೆ ತಳ್ತೀವಿ, ನೌಕೆ ಭೂಮಿಗೆ ಹತ್ತಿರ ಬಂದು ಜೋರಾಗಿ ಓಡ್ತಿರೋ ಹೊತ್ತು ನೋಡಿ ಸ್ವಲ್ಪ ಹೊತ್ತು ಇಂಜಿನ್ ಉರಿಸೋದು, ಆ ಕಡೆ ಅದು ಇನ್ನಷ್ಟು ಎತ್ತರ ಹೋಗಿ ಬರತ್ತೆ, ಮತ್ತೆ ತಳ್ಳೋದು. ಅಷ್ಟೇ ಇಂಧನ ಬೇರೆ ಜಾಗದಲ್ಲಿ ಉರಿಸಿದ್ರೆ ಇಷ್ಟು ಲಾಭ ಇಲ್ಲ. ಮಂಗಳಯಾನ ಹಿಂಗೇ ಸುತ್ತಿ ಸುತ್ತಿ 2013ರ ಡಿಸೆಂಬರ್ 1ರ ಮಧ್ಯರಾತ್ರಿ ದಾಟಿದ ಮೇಲೆ 22 ನಿಮಿಷ ಇಂಜಿನ್ ಉರಿಸಿ ಭೂಮಿ ಬಿಟ್ಟು ಹೋಗಿದ್ದು. ಮಧ್ಯೆ ಒಂದು ಸಲ ಎಡವಟ್ಟೂ ಆಗಿತ್ತು. ನವೆಂಬರ್ 11ರಂದು ಇಂಧನ ಬಿಡೋ ವಾಲ್ವಿನ ಮೇನ್ ಕಾಯಿಲ್, ಸ್ಪೇರ್ ಕಾಯಿಲ್ ಎರಡನ್ನೂ ಒಟ್ಟಿಗೆ ಆನ್ ಮಾಡಿ ಪರೀಕ್ಷೆ ಮಾಡೋಕೆ ಹೋದಾಗ ಇಂಧನ ಹರಿಯೋದೇ ನಿಂತುಬಿಡ್ತು, ಒಂದು ಲಕ್ಷ ಕಿ.ಮೀ. ಎತ್ತರ ಹೋಗಬೇಕಿದ್ದದ್ದು 78 ಸಾವಿರಕ್ಕೇ ನಿಂತಿತು. ಮರುದಿನ ಇನ್ನೊಂದು ತಳ್ಳು ಕೊಟ್ಟು ಸರಿ ಮಾಡಿದ್ರು. ಎರಡನ್ನೂ ಒಟ್ಟಿಗೆ ಆನ್ ಮಾಡಬಾರದು ಅನ್ನೋದು ಭೂಮಿ ಪಕ್ಕದಲ್ಲೇ ಗೊತ್ತಾಯ್ತಲ್ಲ, ನಿಧಾನದ ದಾರಿಯ ಲಾಭ ಅದು.

ಪ್ರ: ನಮ್ಮ ಯಜಮಾನರು ಬೆಂಗಳೂರಲ್ಲಿ ಕೂತು ಜಾಯ್‌ಸ್ಟಿಕ್ ಹಿಡಿದು ಓಡಿಸ್ತಾರೆ ಅಂತಾರೆ, ನಿಜವಾ ಸಾರ್?
(ಗೃಹಿಣಿ, ಶಿಡ್ಲಘಟ್ಟ)

ಉ: ಇಲ್ಲಮ್ಮ, ಯಜಮಾನರಿಗೆ ಇದನ್ನ ಓದಿ ಹೇಳಿ. ಚಂದ್ರನ ಹತ್ತಿರ ಸಿಗ್ನಲ್ ಹೋಗೋಕೆ ಒಂದೂಕಾಲು ಸೆಕೆಂಡು, ಮಂಗಳಕ್ಕೆ ಅವನು ಎಲ್ಲಿದ್ದಾನೆ ಅನ್ನೋದರ ಮೇಲೆ 3 ನಿಮಿಷದಿಂದ 22 ನಿಮಿಷ. ಮುಂದೆ ಗುಂಡಿ ಇದೆ ಅಂತ ಫೋಟೋ ನೋಡಿ ನೀವು ಬ್ರೇಕ್ ಒತ್ತೋ ಹೊತ್ತಿಗೆ ಗಾಡಿ ಗುಂಡಿಯಲ್ಲಿರತ್ತೆ.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳ ತಲುಪಿದಾಗ ಸಿಗ್ನಲ್ ಬರೋಕೆ ಹನ್ನೆರಡೂವರೆ ನಿಮಿಷ ಬೇಕಿತ್ತು. ಬ್ರೇಕ್ ಹಾಕೋಕೆ 24 ನಿಮಿಷ ಇಂಜಿನ್ ಉರೀಬೇಕು, ಉರೀತಾ ಇರೋವಾಗಲೇ ನೌಕೆ ಮಂಗಳದ ಹಿಂದೆ ಮರೆಯಾಗಿಬಿಡತ್ತೆ, ಆಗ ಸಿಗ್ನಲ್ಲೇ ಇಲ್ಲ. ಹಾಗಾಗಿ ಎಷ್ಟು ಹೊತ್ತಿಗೆ ತಿರುಗಬೇಕು, ಯಾವ ಸೆಕೆಂಡಿಗೆ ಇಂಜಿನ್ ಆನ್, ಎಷ್ಟು ವೇಗ ಕಮ್ಮಿ ಆದ ಮೇಲೆ ಆಫ್, ಎಲ್ಲಾ ಕಮಾಂಡೂ ಸುಮಾರು ದಿನ ಮುಂಚೆಯೇ ಬರೆದು ಅದರ ಕಂಪ್ಯೂಟರಿಗೆ ಹಾಕಿಬಿಟ್ಟಿದ್ರು. ಆದ್ರೆ ನಿಜವಾದ ಭಯ ಬೇರೇನೇ ಇತ್ತು, ಆ ಇಂಜಿನ್ನು ಡಿಸೆಂಬರ್ 1ರಿಂದ ಹೆಚ್ಚುಕಮ್ಮಿ 300 ದಿನ ಸುಮ್ಮನೆ ಮಲಗಿತ್ತು, ವಾಲ್ವ್ ಕಚ್ಕೊಂಡಿದ್ರೆ? ಅದಕ್ಕೆ ಎರಡು ದಿನ ಮುಂಚೆ 22ನೇ ತಾರೀಕು ಬರೀ ನಾಲ್ಕು ಸೆಕೆಂಡು ಉರಿಸಿ ನೋಡಿದ್ರು. ಉರೀತು. ಉರೀದೇ ಇದ್ದಿದ್ರೆ ಎಂಟು ಸಣ್ಣ ಥ್ರಸ್ಟರ್‌ಗಳನ್ನೇ ಜಾಸ್ತಿ ಹೊತ್ತು ಉರಿಸಿ ಹೆಂಗಾದ್ರೂ ಮಂಗಳನ್ನ ಹಿಡಿಯೋ ಪ್ಲಾನ್ ಬಿ ರೆಡಿ ಇತ್ತು. ಒಳ್ಳೇ ಪ್ಲಾನಿಂಗ್ ಅಂದ್ರೆ ನನ್ನ ಮಟ್ಟಿಗೆ ಆ ನಾಲ್ಕು ಸೆಕೆಂಡು.

ನೌಕೆಗೆ ಗಾಬರಿಯಾದ್ರೆ ಏನು ಮಾಡಬೇಕು ಅಂತಾನೂ ಕಲಿಸಿರ್ತಾರೆ, ಸೇಫ್ ಮೋಡ್ ಅಂತ. ಬೇರೆ ಕೆಲಸ ಎಲ್ಲಾ ನಿಲ್ಲಿಸಿ, ಕರೆಂಟು ಉಳಿಸ್ಕೊಂಡು, ಆಂಟೆನಾ ಭೂಮಿ ಕಡೆ ತಿರುಗಿಸಿ ಅಪ್ಪಣೆಗೆ ಕಾಯೋದು. ಪ್ಲೂಟೋಗೆ ಹೋದ ನ್ಯೂ ಹೊರೈಜನ್ಸ್ ಒಂಬತ್ತೂವರೆ ವರ್ಷ ಪ್ರಯಾಣ ಮಾಡಿ, ತಲುಪೋಕೆ ಹತ್ತೇ ದಿನ ಇರೋವಾಗ, 2015ರ ಜುಲೈ 4ಕ್ಕೆ ಹಿಂಗೇ ಸೇಫ್ ಮೋಡಿಗೆ ಹೋಗಿ ಎಲ್ಲರ ಜೀವ ಬಾಯಿಗೆ ತಂದಿತ್ತು. ಕಾರಣ ಕಂಪ್ಯೂಟರಿಗೆ ಒಂದೇ ಟೈಮಲ್ಲಿ ಎರಡು ಭಾರದ ಕೆಲಸ ಬಿದ್ದಿದ್ದು, ಅಷ್ಟೇ.

ಪ್ರ: ನೌಕೆಗೆ ಸುತ್ತೋ ಹಳದಿ ಹಾಳೆ ನಿಜವಾದ ಚಿನ್ನನಾ? ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿದವರು, ಕೇಳ್ತಾ ಇದ್ದಾರೆ.
(ಕೆಜಿಎಫ್)

ಉ: ತಾತನಿಗೆ ನಮಸ್ಕಾರ. ಚಿನ್ನ ಅಲ್ಲ, ಕ್ಯಾಪ್ಟಾನ್ (Kapton) ಅಂತ ಒಂದು ಥರದ ಪ್ಲಾಸ್ಟಿಕ್ ಹಾಳೆ, ಅದರ ಬಣ್ಣವೇ ಹಳದಿ, ಹಿಂಬದಿಗೆ ಅಲ್ಯೂಮಿನಿಯಂ ಲೇಪ ಇರೋದ್ರಿಂದ ಚಿನ್ನದ ಹಾಗೆ ಹೊಳೆಯತ್ತೆ. ಅಂಥ ತೆಳು ಹಾಳೆಗಳನ್ನ ಒಂದರ ಮೇಲೊಂದು ಇಟ್ಟು ಮಧ್ಯ ಮಧ್ಯ ಬಲೆ ಬಟ್ಟೆ ಹಾಕಿರ್ತಾರೆ, ಬಿಸಿಲು ಒಳಗೆ ಹೋಗಬಾರದು, ಒಳಗಿನ ಶಾಖ ಹೊರಗೆ ಬರಬಾರದು. ಅಲ್ಲಿ ಗಾಳಿ ಇಲ್ವಲ್ಲ, ಬಿಸಿಲಿಗೆ ಬಿದ್ದ ಕಡೆ ಸುಡತ್ತೆ, ನೆರಳಿಗಿರೋ ಕಡೆ ಮರಗಟ್ಟತ್ತೆ. ನಿಜವಾದ ಚಿನ್ನವೂ ಕೆಲವು ಕಡೆ ಇರತ್ತೆ, ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿಗಳ ಮೇಲೆ ತೆಳುವಾದ ಚಿನ್ನದ ಲೇಪ ಇದೆ.

ಪ್ರ: ಚಂದ್ರಯಾನ-2ರ ವಿಕ್ರಮ್ ಬಿತ್ತು, ಚಂದ್ರಯಾನ-3ರ ವಿಕ್ರಮ್ ನಿಂತಿತು. ಮಧ್ಯೆ ನಾಲ್ಕು ವರ್ಷ ಏನು ಬದಲಾಯಿಸಿದ್ರು? ಪೇಪರಲ್ಲಿ ಬರೀ ಕಣ್ಣೀರು, ಚಪ್ಪಾಳೆ ಬಂತು, ವಿಷಯ ಬರಲಿಲ್ಲ.
(ನಿವೃತ್ತ ಎಲೆಕ್ಟ್ರಿಸಿಟಿ ಬೋರ್ಡ್ ಇಂಜಿನಿಯರ್, ಮಾಲೂರು)

ಉ: ಬಂದ ಪ್ರಶ್ನೆಗಳಲ್ಲಿ ಒಳ್ಳೇದು ಇದೇ ಸ್ವಾಮಿ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆಗಿದ್ದೇನು ಅಂತ 2023ರಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಅವರೇ ಬಿಡಿಸಿ ಹೇಳಿದ್ರು. ಐದು ಇಂಜಿನ್‌ಗಳು ನಿರೀಕ್ಷೆಗಿಂತ ಸ್ವಲ್ಪ ಜಾಸ್ತಿ ನೂಕುಬಲ ಕೊಟ್ಟವು, ಆ ಸಣ್ಣ ತಪ್ಪು ಇಳೀತಾ ಇಳೀತಾ ಗುಡ್ಡೆ ಆಯ್ತು. ಅದನ್ನ ಸರಿಮಾಡೋಕೆ ನೌಕೆ ಬೇಗ ತಿರುಗಬೇಕಾಗಿ ಬಂತು, ಆದ್ರೆ ಎಷ್ಟು ಬೇಗ ತಿರುಗಬಹುದು ಅನ್ನೋದಕ್ಕೆ ಸಾಫ್ಟ್‌ವೇರೇ ಮಿತಿ ಹಾಕಿತ್ತು. ಮೂರನೇದು, ಇಳಿಯೋಕೆ ಕೊಟ್ಟಿದ್ದ ಜಾಗ ಬರೀ 500 ಮೀಟರ್ ಉದ್ದ 500 ಮೀಟರ್ ಅಗಲ. ಅದು ಆ ಜಾಗಕ್ಕೇ ಹೋಗಬೇಕು ಅಂತ ಹಟ ಹಿಡಿದು ವೇಗ ಹೆಚ್ಚಿಸ್ಕೊಳ್ತು, ನೆಲ ಹತ್ತಿರ ಬಂದಿತ್ತು.

ಮುಂದಿನ ಸಲ ಅವರು ಪ್ರಶ್ನೆಯನ್ನೇ ತಿರುಗಿಸಿದ್ರು. ಎಲ್ಲಾ ಸರಿಯಾಗಿ ನಡೆದ್ರೆ ಹೇಗೆ ಇಳಿಯತ್ತೆ ಅಂತ ಡಿಸೈನ್ ಮಾಡೋ ಬದಲು ಸೆನ್ಸರ್ ಕೆಟ್ರೆ, ಇಂಜಿನ್ ಕೆಟ್ರೆ, ಲೆಕ್ಕ ತಪ್ಪಿದ್ರೆ, ಆಗಲೂ ಇಳಿಯತ್ತಾ ಅಂತ ಕೂತು ಡಿಸೈನ್ ಮಾಡಿದ್ರು. ಇಳಿಯೋ ಜಾಗ ಸುಮಾರು 4 ಕಿ.ಮೀ. ಉದ್ದ, ಎರಡೂವರೆ ಕಿ.ಮೀ. ಅಗಲ ಆಯ್ತು. ಮಧ್ಯದ ಐದನೇ ಇಂಜಿನ್ ತೆಗೆದು ನಾಲ್ಕೇ ಇಟ್ಟರು. ಕಾಲು ಗಟ್ಟಿ ಮಾಡಿದ್ರು, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕುಕ್ಕಿದ್ರೂ ಮುರಿಯಬಾರದು ಅಂತ. ಇಂಧನ ಹೆಚ್ಚು ತುಂಬಿಸಿದ್ರು, ಹೆಂಗೆ ವಾಲಿ ನಿಂತ್ರೂ ಬಿಸಿಲು ಬೀಳಲಿ ಅಂತ ನಾಲ್ಕೂ ಕಡೆ ಸೋಲಾರ್ ಪ್ಯಾನಲ್, ವೇಗವನ್ನ ನೇರವಾಗಿ ಅಳೆಯೋಕೆ ಲೇಸರ್ ಡಾಪ್ಲರ್ ಉಪಕರಣ ಹೊಸದಾಗಿ ಬಂತು. ಜಾಗ ಹುಡುಕಿದ್ದು ಯಾವುದರ ಫೋಟೋ ನೋಡಿ ಅಂತೀರ? ಚಂದ್ರಯಾನ-2ರ ಆರ್ಬಿಟರ್ ಮೇಲೇ ಸುತ್ತುತ್ತಾ ಇತ್ತಲ್ಲ, ಅಡಿಗಾತ್ರದ ಕಲ್ಲೂ ಕಾಣೋ ಅದರ ಕ್ಯಾಮೆರಾದಲ್ಲಿ. ಪೂರ್ತಿ ಫೇಲ್ ಅಂತ ಬೈದವರು ಇದನ್ನ ಮರೀತಾರೆ.

ಟೆಸ್ಟಿಂಗ್ ವಿಚಾರ ಇನ್ನೂ ಚೆನ್ನಾಗಿದೆ. ಚಿತ್ರದುರ್ಗದ ಚಳ್ಳಕೆರೆ ಕಡೆ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರೋ ಥರದ ಗುಂಡಿಗಳನ್ನ ತೋಡಿಸಿದ್ರು, ಚಂದ್ರಯಾನ-2ರ ಕಾಲದಲ್ಲೇ, ಮೇಲೆ ವಿಮಾನದಲ್ಲಿ ಸೆನ್ಸರ್ ಕಟ್ಕೊಂಡು ಹೋಗಿ ಗುಂಡಿ ಗುರುತು ಹಿಡಿಯತ್ತಾ ಅಂತ ನೋಡೋಕೆ. ಚಂದ್ರನ ಮಣ್ಣಿಗೆ ತಮಿಳುನಾಡಿನ ನಾಮಕ್ಕಲ್ ಕಡೆಯ ಸಿತ್ತಂಪೂಂಡಿಯ ಕಲ್ಲು ತಂದು ಪುಡಿ ಮಾಡಿಸಿದ್ರು, ಆ ಕಲ್ಲಿನ ಜಾತಿ ಚಂದ್ರನ ಎತ್ತರದ ನೆಲದ ಕಲ್ಲನ್ನೇ ಹೋಲತ್ತೆ. ಚಂದ್ರಯಾನ-3ಕ್ಕೆ ಹೆಲಿಕಾಪ್ಟರಿಗೆ ಕಟ್ಟಿ ಒಂದು ಟೆಸ್ಟು, ಇಂಜಿನ್ ಉರಿಸ್ತಾ ಕ್ರೇನಿಗೆ ನೇತು ಹಾಕಿ ಇನ್ನೊಂದು ಟೆಸ್ಟು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಇಳೀತು. ಆ ತಾರೀಕೂ ಸುಮ್ಮನೆ ಇಟ್ಟಿದ್ದಲ್ಲ, ಅಲ್ಲಿ ಆಗ ತಾನೇ ಬೆಳಗಾಗಿತ್ತು, ಸೋಲಾರ್ ಮೇಲೆ ಬದುಕೋ ಲ್ಯಾಂಡರಿಗೆ ನಮ್ಮ 14 ದಿನದಷ್ಟು ಉದ್ದದ ಒಂದು ಹಗಲು ಪೂರ್ತಿ ಸಿಗಲಿ ಅಂತ.

ಪ್ರ: ಯೂನಿಟ್ ಬರೀದಿದ್ರೆ ನಮ್ಮ ಮಿಸ್ಸು ಅರ್ಧ ಮಾರ್ಕ್ಸ್ ಕಟ್ ಮಾಡ್ತಾರೆ. ಉತ್ತರ ಸರಿ ಇದ್ರೂ! ಇದು ನ್ಯಾಯನಾ?
(ಒಂಬತ್ತನೇ ಕ್ಲಾಸ್, ಮಧುಗಿರಿ)

ಉ: ನಾಸಾಗೆ ಒಂದು ನೌಕೆನೇ ಕಟ್ ಆಯ್ತು ಪುಟ್ಟ. 1999ರ ಸೆಪ್ಟೆಂಬರ್‌ನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳಕ್ಕೆ ತೀರಾ ಹತ್ತಿರ ಹೋಗಿ ನಾಶ ಆಯ್ತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ರೆ ಇನ್ನೊಂದು ಕಡೆಯವರು ಅದನ್ನ ನ್ಯೂಟನ್ ಅಂದ್ಕೊಂಡು ಓದಿದ್ರು. ಮಿಸ್ಸು ಮಾಡೋದು ಸರಿ.

ಪ್ರ: ಸಾವಿರದೈನೂರು ಅಡಿ ಕೊರೆದ್ರೂ ಬೋರಲ್ಲಿ ನೀರಿಲ್ಲ. ಇವರಿಗೆ ಮಂಗಳದಲ್ಲಿ ನೀರು ಹುಡುಕೋ ಖಯಾಲಿ. ಏನು ಹೇಳ್ತೀರ?
(ರೈತ, ಬಾಗೇಪಲ್ಲಿ)

ಉ: ಮಂಗಳಯಾನದಿಂದ ನಿಮ್ಮ ಬೋರಿಗೆ ನೀರು ಬರಲ್ಲ ಗೌಡ್ರೇ, ಬರತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರು ರೀಲು ಬಿಡ್ತಿದ್ದಾರೆ. ಅಂತರ್ಜಲ ಸಿಗಬಹುದಾದ ಜಾಗದ ನಕ್ಷೆ ಮಾಡೋಕೆ ಉಪಯೋಗಕ್ಕೆ ಬಂದಿದ್ದು ಭೂಮಿಯನ್ನ ನೋಡೋ ಉಪಗ್ರಹಗಳು, ಅವು ಬೇರೆ, ಇವು ಬೇರೆ. ಮಂಗಳಯಾನಕ್ಕೆ ಖರ್ಚಾಗಿದ್ದು 450 ಕೋಟಿ, ಅದನ್ನ ಖರ್ಚು ಮಾಡದೇ ಇದ್ದಿದ್ರೂ ಆ ದುಡ್ಡು ಬಾಗೇಪಲ್ಲಿ ಕೆರೆಗೆ ಬರ್ತಿತ್ತು ಅನ್ನೋ ನಂಬಿಕೆ ನನಗಂತೂ ಇಲ್ಲ, ನಿಮಗಿದೆಯಾ? ಈ ಭಾಗದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಸಾಕು ಅಂತ ತೀರ್ಮಾನ ಮಾಡಿದವರು ಬೇರೆಯವರು. ಸಿಟ್ಟು ನ್ಯಾಯವಾದದ್ದೇ, ವಿಳಾಸ ಮಾತ್ರ ತಪ್ಪಿದೆ.

ಪ್ರ: ಕೆಲಸ ಮುಗಿದ ಮೇಲೆ ನೌಕೆ ಏನಾಗತ್ತೆ?
(ಗುಡಿಬಂಡೆ)

ಉ: ಕೆಲವು ಅಲ್ಲೇ ಸುತ್ತುತ್ತಾ ಇರತ್ತೆ. ಕೆಲವಕ್ಕೆ ಕೊನೆಯನ್ನೂ ಪ್ಲಾನ್ ಮಾಡ್ತಾರೆ. ಶನಿಯ ಎನ್‌ಸೆಲಡಸ್ ಅನ್ನೋ ಉಪಗ್ರಹದ ಮಂಜಿನಡಿ ನೀರಿದೆ, ಅಲ್ಲಿ ಜೀವ ಇದ್ರೂ ಇರಬಹುದು, ಇಂಧನ ಮುಗಿದ ಕಸ್ಸೀನಿ ನೌಕೆ ಮುಂದೊಂದಿನ ಅದಕ್ಕೆ ಬಡಿದು ನಮ್ಮ ಭೂಮಿಯ ಸೂಕ್ಷ್ಮಜೀವಿ ಅಂಟಿಸಿಬಿಟ್ರೆ ಅಂತ 2017ರ ಸೆಪ್ಟೆಂಬರ್ 15ರಂದು ಬೇಕಂತಲೇ ಅದನ್ನ ಶನಿಯೊಳಗೆ ಧುಮುಕಿಸಿದ್ರು.

ಪ್ರ: ನಾನು ಸೆಕೆಂಡ್ ಪಿಯುಸಿ ಸೈನ್ಸ್. ಇಂಥ ಮಿಷನ್ ಪ್ಲಾನ್ ಮಾಡೋ ಕೆಲಸಕ್ಕೆ ಸೇರಬೇಕು. ಏನು ಓದಬೇಕು ಸಾರ್? ಮನೆಯಲ್ಲಿ ನರ್ಸಿಂಗ್ ಸೇರು ಅಂತಿದ್ದಾರೆ.
(ಮುಳಬಾಗಿಲು)

ಉ: ನೋಡಮ್ಮ, ತಿರುವನಂತಪುರದಲ್ಲಿ ಐಐಎಸ್‌ಟಿ ಅಂತ ಕಾಲೇಜಿದೆ, 2007ರಲ್ಲಿ ಶುರುವಾಗಿದ್ದು, ಅದಕ್ಕೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಬೇಕು. ಅದೊಂದೇ ದಾರಿ ಅಂತ ತಲೆ ಕೆಡಿಸ್ಕೋಬೇಡ, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮಾಡಿದವರನ್ನ ಇಸ್ರೋ ಪರೀಕ್ಷೆ ಮಾಡಿ ತಗೊಳ್ಳತ್ತೆ, ಡಿಪ್ಲೊಮಾ ಐಟಿಐ ಓದಿದವರಿಗೂ ಬೇರೆ ಪೋಸ್ಟ್ ಇದೆ. ಎಲ್ಲಾ ಇಸ್ರೋದವರೇ ಮಾಡೋದೂ ಅಲ್ಲ. ಆದಿತ್ಯ-ಎಲ್1ರ ಮುಖ್ಯ ಉಪಕರಣ ವಿಇಎಲ್‌ಸಿ ಇದೆಯಲ್ಲ, ಸೂರ್ಯನ ಬಿಂಬ ಮರೆಮಾಡಿ ಸುತ್ತಲಿನ ಪ್ರಭೆ ನೋಡೋದು, ಅದನ್ನ ಜೋಡಿಸಿ ಪರೀಕ್ಷೆ ಮಾಡಿದ್ದು ನೀನು ಬೆಂಗಳೂರಿಗೆ ಬಸ್ಸಲ್ಲಿ ಹೋಗೋವಾಗ ದಾಟೋ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಕ್ಯಾಂಪಸ್ಸಲ್ಲಿ. ಅಲ್ಲಿಗೆ ಬೇಕಾಗೋದು ಫಿಸಿಕ್ಸ್, ಅಂದ್ರೆ ಬಿಎಸ್‌ಸಿ, ಎಂಎಸ್‌ಸಿ ದಾರಿಯೂ ತೆರೆದೇ ಇದೆ.

ಸೇರೋವರೆಗೂ ಕಾಯೋದೇನೂ ಬೇಡ. ನಾಸಾದ ಜಿಮ್ಯಾಟ್ ಅನ್ನೋ ಸಾಫ್ಟ್‌ವೇರ್ ಫ್ರೀ, ಕಾಲೇಜು ಲ್ಯಾಬಿನ ಕಂಪ್ಯೂಟರಲ್ಲಿ ಹಾಕಿಸ್ಕೊಂಡು ನೀನೇ ಒಂದು ನೌಕೇನ ಮಂಗಳಕ್ಕೆ ಕಳಿಸಿ ನೋಡು, ಮೊದಮೊದಲು ಅದು ಎಲ್ಲೆಲ್ಲೋ ಹೋಗತ್ತೆ, ಹೋಗ್ಲಿ. ಚಂದ್ರಯಾನದ ಡೇಟಾ ಬೇಕಂದ್ರೆ ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿ ಯಾರು ಬೇಕಾದ್ರೂ ಹೆಸರು ನೋಂದಾಯಿಸಿ ತಗೋಬಹುದು. ಅದನ್ನ ನಡೆಸೋ ಡೇಟಾ ಸೆಂಟರ್ ಇರೋದು ಮೈಸೂರು ರಸ್ತೆ ಕಡೆಯ ಬ್ಯಾಲಾಳಿನಲ್ಲಿ, 32 ಮೀಟರ್ ಅಗಲದ ಡಿಶ್ ಆಂಟೆನಾ ಇರೋ ಜಾಗದಲ್ಲೇ. ಮನೆಯವರಿಗೆ ಮಾತ್ರ ನಾನು ಹೇಳಿದೆ ಅಂತ ಹೇಳಬೇಡ, ಜೆಇಇ ಫಲಿತಾಂಶ ಬರೋವರೆಗೂ ನರ್ಸಿಂಗ್ ಅರ್ಜಿನೂ ಹಾಕಿಟ್ಟಿರು.